ಮದರಾಸಿನ ಹೋಟೆಲುಗಳು ಮತ್ತು ಪಂಕ್ತಿಭೇದ

ಹೋಟೆಲಿನಲ್ಲಿ ಊಟ ಮಾಡುವುದು ಇಂದು ನಮಗೆ ತೀರಾ ಮಾಮೂಲಿ ಸಂಗತಿ. ಪಕ್ಕದ ಕುರ್ಚಿಯಲ್ಲಿ ಕುಳಿತವರು ಯಾರು, ಒಳಗೆ ಹಿಟ್ಟು ರುಬ್ಬಿದವರು ಯಾರು ಎಂದು ನಾವು ಕೇಳುವುದಿಲ್ಲ. ಕೇಳಬಾರದೆಂಬ ಸಂಕೋಚವಾದರೂ ಇದೆ. ಈ ಸಂಕೋಚ ತಾನಾಗಿ ಬಂದದ್ದಲ್ಲ. ಮದರಾಸಿನಲ್ಲಿ ಅದಕ್ಕಾಗಿ ಜನ ಜೈಲಿಗೆ ಹೋಗಿದ್ದಾರೆ.

ಆ ನಗರದ ಹೋಟೆಲುಗಳ ಚರಿತ್ರೆಯನ್ನು ನಮ್ಮ ಕರಾವಳಿಯನ್ನು ಬಿಟ್ಟು ಹೇಳಲಾಗದು. ಆಗ ದಕ್ಷಿಣ ಕನ್ನಡ ಮದರಾಸು ಪ್ರಾಂತ್ಯದ ಜಿಲ್ಲೆ. ಹೊಟ್ಟೆಪಾಡಿಗೆ ಊರು ಬಿಟ್ಟವರಲ್ಲಿ ಎಷ್ಟೋ ಮಂದಿ ಪ್ರಾಂತ್ಯದ ರಾಜಧಾನಿಯ ದಾರಿ ಹಿಡಿದರು. ಮಠ, ದೇವಸ್ಥಾನಗಳ ಅಡುಗೆಮನೆಯಲ್ಲಿ ಪಳಗಿದ ಕೈಗಳಿಗೆ ಅಲ್ಲಿ ಬೇಡಿಕೆ ಇತ್ತು. ಹೀಗೆ ಹೋದ ಕೆ. ಕೃಷ್ಣರಾಯರು ಹೋಟೆಲೊಂದರಲ್ಲಿ ಹಿಟ್ಟು ರುಬ್ಬುವ ಕೆಲಸದಿಂದ ಮೇಲೆ ಬಂದವರು. 1938ರಲ್ಲಿ ರಾಯಪೇಟೆಯ ಬಂಗಲೆಯೊಂದನ್ನು ಬಾಡಿಗೆಗೆ ಹಿಡಿದು ವುಡ್‌ಲ್ಯಾಂಡ್ಸ್ ತೆರೆದರು. 1962ರಲ್ಲಿ ಅದೇ ಹೆಸರಿನ ಡ್ರೈವ್ ಇನ್ ಬಂತು. ಕಾರಿನಲ್ಲೇ ಕುಳಿತು ದೋಸೆ ತಿನ್ನುವುದನ್ನು ಮದರಾಸಿಗರು ಅಲ್ಲಿ ಕಲಿತರು. 2008ರಲ್ಲಿ ಅದು ಮುಚ್ಚಿತು. ಈಗ ಆ ಜಾಗದಲ್ಲಿ ಸೆಮ್ಮೊಳಿ ಪೂಂಗಾ ಎಂಬ ಉದ್ಯಾನವಿದೆ.

ಆದರೆ ಅಡುಗೆಮನೆಯ ರುಚಿಯ ಜೊತೆಗೆ ಪಂಕ್ತಿಭೇದವೂ ರೈಲು ಹತ್ತಿತ್ತು. ಉಡುಪಿಯವರನ್ನು ಮಾತ್ರ ದೂರಿ ಫಲವಿಲ್ಲ. ತಮಿಳು ಬ್ರಾಹ್ಮಣರ ಹೋಟೆಲುಗಳಲ್ಲೂ ಅದೇ ರೀತಿ. ಬ್ರಾಹ್ಮಣರಿಗೆ ಒಳಗಿನ ಕೋಣೆ, ಉಳಿದವರಿಗೆ ಹೊರಗಿನದು. ದಲಿತರಿಗೆ ಬಾಗಿಲೇ ಇಲ್ಲ. ಎಲ್ಲರೂ ಒಂದೇ ದರದ ಟಿಕೆಟ್ ಹಣ ಕೊಟ್ಟರೂ ರೈಲು ನಿಲ್ದಾಣದ ಊಟದ ಕೋಣೆಗಳಲ್ಲೂ ಬ್ರಾಹ್ಮಣರಿಗೆ ಬೇರೆ ಜಾಗವಿತ್ತು. ಪೆರಿಯಾರ್ ಮತ್ತು ಅವರ ಸಂಗಡಿಗರ ಪ್ರತಿಭಟನೆಯ ಫಲವಾಗಿ 1941ರಲ್ಲಿ ಅದು ಹೋಯಿತು. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 15ನೇ ವಿಧಿ ಅಂಗಡಿ, ಹೋಟೆಲುಗಳ ಬಾಗಿಲನ್ನು ಜಾತಿ ಧರ್ಮ ನೋಡದೆ ಎಲ್ಲ ನಾಗರಿಕರಿಗೂ ತೆರೆಯಿತು.

ಬಾಗಿಲು ತೆರೆದರೂ ಬೋರ್ಡು ಉಳಿಯಿತು. 'ಬ್ರಾಹ್ಮಣರ ಹೋಟೆಲ್' ಎಂದು ಬರೆಸಿಕೊಳ್ಳುವುದು ಶುಚಿಯ, ಸಸ್ಯಾಹಾರದ ಜಾಹೀರಾತೆಂದು ನಡೆದುಬಂದಿತ್ತು. ಒಬ್ಬರು ಶುದ್ಧರೆಂದು ಬರೆಸಿದರೆ ಉಳಿದವರು ಏನಾದರು ಎಂಬುದು ಪೆರಿಯಾರ್ ಎತ್ತಿದ ಪ್ರಶ್ನೆ. ಎಷ್ಟೋ ಮಾಲಿಕರು ಆ ಪದವನ್ನು ಅಳಿಸಿದರು. ಟ್ರಿಪ್ಲಿಕೇನಿನ ಮುರಳೀಸ್ ಕೆಫೆ ಒಪ್ಪಲಿಲ್ಲ. 1957ರ ಮೇ ತಿಂಗಳಲ್ಲಿ ಅದರ ಮುಂದೆ ಧರಣಿ ಶುರುವಾಯಿತು. ಪ್ರತಿದಿನ ಒಂದಿಷ್ಟು ಜನ ಬರುವುದು, ಪೊಲೀಸರು ಹಿಡಿದೊಯ್ಯುವುದು, ಮರುದಿನ ಬೇರೆಯವರು ಬರುವುದು. ಹೀಗೆ ತಿಂಗಳುಗಟ್ಟಲೆ ನಡೆದು ಸಾವಿರಕ್ಕೂ ಹೆಚ್ಚು ಮಂದಿ ಬಂಧನಕ್ಕೊಳಗಾದರು. ಕೊನೆಗೆ 1958ರಲ್ಲಿ ಆ ಪದ ಬೋರ್ಡಿನಿಂದ ಇಳಿಯಿತು. ಒಂದು ಪದಕ್ಕೆ ಇಷ್ಟು ದೊಡ್ಡ ರಂಪವೇ ಎನ್ನುವವರು ಅಂದೂ ಇದ್ದರು.

ಇದೇ ಹೊತ್ತಿಗೆ ಮೌಂಟ್ ರೋಡಿನಲ್ಲಿ ಇನ್ನೊಂದು ಬಗೆಯ ಹೋಟೆಲು ಬೆಳೆಯುತ್ತಿತ್ತು. ತಿರುನಲ್ವೇಲಿ ಕಡೆಯ ಎ. ಎಂ. ಬುಹಾರಿ ಕೊಲಂಬೋದಲ್ಲಿದ್ದು ಬಂದು 1951ರಲ್ಲಿ ಅಲ್ಲಿ ಬುಹಾರಿ ಹೋಟೆಲ್ ತೆರೆದರು. ಅದರ ಬಿರಿಯಾನಿಗೆ ಊರೇ ಸೇರಿತು. ಚಿಕನ್ 65 ತಮ್ಮಲ್ಲೇ 1965ರಲ್ಲಿ ಹುಟ್ಟಿದ್ದೆಂದು ಆ ಹೋಟೆಲಿನವರು ಹೇಳುತ್ತಾರೆ. ಆ ಹೆಸರಿಗೆ ಬೇರೆ ಕಥೆಗಳೂ ಉಂಟು, ಬಿಡಿ. ಬರ್ಮಾದಿಂದ 1960ರ ದಶಕದಲ್ಲಿ ಬರಿಗೈಯಲ್ಲಿ ಮರಳಿದ ತಮಿಳರು ಬಂದರಿನ ಹತ್ತಿರ ತಳ್ಳುಗಾಡಿ ಇಟ್ಟು ಅತ್ತೋ ಎಂಬ ಶ್ಯಾವಿಗೆಯಂಥ ತಿಂಡಿ ಮಾರಿದರು. ಇವತ್ತಿಗೂ ಅಲ್ಲಿ ಸಂಜೆ ಜನ ನಿಂತೇ ತಿನ್ನುತ್ತಾರೆ.

ನಗರದಲ್ಲಿ ಹೀಗಾದರೂ ತಮಿಳುನಾಡಿನ ಹಳ್ಳಿಗಳ ಚಹಾ ಅಂಗಡಿಗಳಲ್ಲಿ ದಲಿತರಿಗೆ ಬೇರೆ ಲೋಟ ಇಡುವ ಪದ್ಧತಿ ಬಹುಕಾಲ ಉಳಿಯಿತು. ಬೋರ್ಡಿನ ಚಟವೂ ಪೂರ್ತಿ ಬಿಟ್ಟಿಲ್ಲ. 2024ರ ಜುಲೈಯಲ್ಲಿ ಉತ್ತರ ಪ್ರದೇಶದ ಆಡಳಿತ ಕಾವಡ ಯಾತ್ರೆಯ ದಾರಿಯಲ್ಲಿ ಹೋಟೆಲು, ತಳ್ಳುಗಾಡಿಗಳವರು ಮಾಲಿಕರ ಹೆಸರು ಬರೆಸಬೇಕೆಂದಿತು. ಯಾವ ಆಹಾರ ಎಂದು ತಿಳಿಸಿದರೆ ಸಾಕು, ಹೆಸರು ಬರೆಸಲು ಒತ್ತಾಯಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟು ತಡೆ ನೀಡಿತು. ಅಂದು ಮಾಲಿಕ ತಾನಾಗಿ ಜಾತಿ ಬರೆಸಿದ್ದ. ಇಲ್ಲಿ ಧರ್ಮ ಗೊತ್ತಾಗುವಂತೆ ಆಡಳಿತವೇ ಬರೆಸಹೊರಟಿತ್ತು.

ಮುರಳೀಸ್ ಕೆಫೆ ಇದ್ದ ಅದೇ ಟ್ರಿಪ್ಲಿಕೇನಿನಲ್ಲಿ ಆರ್ಕಾಟ್ ನವಾಬರ ಮನೆತನದವರು 1795ರಲ್ಲಿ ಕಟ್ಟಿಸಿದ ವಾಲಾಜಾ ಮಸೀದಿಯಿದೆ. ದೇಶವಿಭಜನೆಯಾದಾಗ ಸಿಂಧ್‌ನಿಂದ ಮನೆಮಠ ಕಳೆದುಕೊಂಡು ಬಂದ ದಾದಾ ರತನ್‌ಚಂದ್ ಮೈಲಾಪುರದಲ್ಲಿ ಸೂಫಿದಾರ್ ಎಂಬ ಸಂಸ್ಥೆ ಕಟ್ಟಿದರು. ಆ ಸಂಸ್ಥೆಯ ಹಿಂದೂ ಸ್ವಯಂಸೇವಕರು ದಶಕಗಳಿಂದ ರಮಝಾನಿನಲ್ಲಿ ತಮ್ಮ ಅಡುಗೆಮನೆಯ ಸಸ್ಯಾಹಾರವನ್ನು ಈ ಮಸೀದಿಗೆ ತರುತ್ತಾರೆ. ಟೊಪ್ಪಿ ಧರಿಸಿ, ಅಂಗಳದಲ್ಲಿ ಸಾಲಾಗಿ ಕುಳಿತ ಉಪವಾಸಿಗರಿಗೆ ತಾವೇ ಬಡಿಸುತ್ತಾರೆ.