ಅಂಬಿಗ, ಅಂಬಿಗಿತ್ತಿ: ಒಂದು ಪದವಿಚಾರ

ಗದಗ ಜಿಲ್ಲೆಯ ಮುಂಡರಗಿ, ಶಿರಹಟ್ಟಿ ಸೀಮೆಗಳ ಅಂಚಿನಲ್ಲಿ ತುಂಗಭದ್ರೆ ಹರಿಯುತ್ತಾಳೆ. ಅತ್ತ ಗದಗ-ಬೆಟಗೇರಿ, ಲಕ್ಷ್ಮೇಶ್ವರಗಳು ಕೆರೆ-ಬಾವಿಗಳ ನೆಲ. ಇತ್ತ ಹೊಳೆಯ ದಡದವರಿಗೆ ಬಲೆ, ಹರಿಗೋಲುಗಳೇ ಜೀವನಾಧಾರವಾಗಿದ್ದವು. ಈ ಜನರನ್ನು ಕನ್ನಡವು ಯಾವ ಹೆಸರುಗಳಿಂದ ಕರೆಯಿತೆಂಬುದು ವಿಚಾರಾರ್ಹ.

ಹಳಗನ್ನಡದ ಒಂದು ಪದ 'ಮೀಂಗುಲಿಗ'. ಮೀನನ್ನು ಕೊಲ್ಲುವವನೆಂದು ಇದರರ್ಥ. ಹೆಸರಿನಲ್ಲಿಯೇ ಕೊಲೆಯ ಛಾಯೆಯಿದೆ. 'ಅಂಬಿಗ' ಹಾಗಲ್ಲ. ಅಂಬಿಯೆಂದರೆ ದೋಣಿ, ಅದನ್ನು ನಡೆಸಿ ಜನರನ್ನು ದಡ ಸೇರಿಸುವವನು ಅಂಬಿಗ. 'ಸುಣಗಾರ' ಎಂಬುದು ಸುಣ್ಣದ ಕೆಲಸವನ್ನೂ 'ಭೋಯಿ' ಎಂಬುದು ಪಲ್ಲಕ್ಕಿ ಹೊರುವ ಕೆಲಸವನ್ನೂ ನೆನಪಿಸುತ್ತವೆ. 'ಗಂಗಾಮತ'ವು ಕಸುಬನ್ನು ಹೇಳದೆ ಗಂಗೆಯ ಸಂಬಂಧವನ್ನು ಸಾರುತ್ತದೆ. ಬೆಸ್ತ, ಕಬ್ಬಲಿಗ, ಕರಾವಳಿಯ ಮೊಗವೀರ, ಖಾರ್ವಿ ಮುಂತಾದವೂ ಈ ಪಂಕ್ತಿಯವೇ.

12ನೆಯ ಶತಮಾನದಲ್ಲಿ ಈ ಪದಕ್ಕೆ ಹೊಸ ಘನತೆ ಬಂದಿತು. ಬಹುಮಂದಿ ಶರಣರು ಇಷ್ಟದೈವದ ನಾಮವನ್ನು ಅಂಕಿತವಾಗಿ ಇರಿಸಿಕೊಂಡರೆ, ಚೌಡಯ್ಯನು 'ಅಂಬಿಗರ ಚೌಡಯ್ಯ' ಎಂಬ ತನ್ನ ಹೆಸರನ್ನೇ ಆ ಸ್ಥಾನದಲ್ಲಿರಿಸಿದನು. ದೈವನಾಮವಿರಬೇಕಾದೆಡೆ ಕಾಯಕನಾಮವು ನಿಂತಿತು. ಅದೂ 'ಅಂಬಿಗರ' ಎಂಬ ಬಹುವಚನದಲ್ಲಿ, ಇಡೀ ಸಮುದಾಯವನ್ನು ಜೊತೆಗೂಡಿಸಿಕೊಂಡು. ಆತನ ನೆನಪನ್ನು ಉಳಿಸಿಕೊಂಡ ಚೌಡಯ್ಯದಾನಪುರವು ಇದೇ ತುಂಗಭದ್ರೆಯ ದಂಡೆಯಲ್ಲಿದೆ.

ಸ್ತ್ರೀಯರ ವಿಷಯವಾದರೋ ಬೇರೆ. ಅಂಬಿಗಿತ್ತಿ, ಬೆಸ್ತಗಿತ್ತಿ, ಮೀನುಗಾರ್ತಿ ಎಂಬಲ್ಲಿ ಪುರುಷವಾಚಕಕ್ಕೆ ಪ್ರತ್ಯಯ ಸೇರಿದೆಯಷ್ಟೆ. ಮೀನನ್ನು ಒಣಗಿಸುವುದು, ಬುಟ್ಟಿ ಹೊತ್ತು ಮಾರುವುದು ಮುಂತಾದ ಅವಳ ದುಡಿಮೆಯಿಂದ ಈ ಹೆಸರುಗಳು ಹುಟ್ಟಿಲ್ಲ. ಮಹಾಭಾರತದ ಸತ್ಯವತಿಯನ್ನೇ ನೋಡಬಹುದು. ದಾಶರಾಜನ ಮನೆಯಲ್ಲಿ ಬೆಳೆದ ಆಕೆ ಯಮುನೆಯಲ್ಲಿ ದೋಣಿ ನಡೆಸುತ್ತಿದ್ದವಳು. ಪರಾಶರ ಮುನಿಯನ್ನು ಹೊಳೆ ದಾಟಿಸಿದವಳು. ಆದರೂ ಆಕೆಗೆ ಬಂದ ಹೆಸರು ಮತ್ಸ್ಯಗಂಧಿ. ಮೈಯ ವಾಸನೆ ಹೆಸರಾಯಿತು, ಕೈಯ ಹುಟ್ಟು ಹೆಸರಾಗಲಿಲ್ಲ.

ಇದಕ್ಕೆ ಪ್ರತಿಯಾದ ಮಾದರಿ ವಚನ ಪರಂಪರೆಯಲ್ಲಿದೆ. ಕೆಲವು ಶರಣೆಯರು ಪತಿಯ ಹೆಸರಿನಿಂದ ಗುರುತಾದರೂ, ಕದಿರ ರೆಮ್ಮವ್ವೆ, ಕೊಟ್ಟಣದ ಸೋಮಮ್ಮ, ಆಯ್ದಕ್ಕಿ ಲಕ್ಕಮ್ಮ ಇವರು ತಮ್ಮ ಕೈಯ ಕಾಯಕದಿಂದಲೇ ಹೆಸರಾದರು. ನೂಲುವ ಕದಿರು, ಕುಟ್ಟುವ ಕೊಟ್ಟಣ, ಆಯ್ದ ಅಕ್ಕಿ ಇವು ಪ್ರತ್ಯಯಗಳಲ್ಲ, ದುಡಿಮೆಯ ಸಾಕ್ಷಿಗಳು. ವಚನಕಾರ್ತಿಯರ ಈ ಹೆಸರುಗಳ ಸಾಲಿನಲ್ಲಿ ಬಲೆಯಾಗಲಿ ಹುಟ್ಟಾಗಲಿ ಕಾಣುವುದಿಲ್ಲ. ಚೌಡಯ್ಯನು 'ಅಂಬಿಗ'ನಿಗೆ ತಂದಿತ್ತ ಗೌರವವು 'ಅಂಬಿಗಿತ್ತಿ'ಗೆ ಇನ್ನೂ ಸಲ್ಲಬೇಕಾದ ಋಣವಾಗಿಯೇ ಉಳಿದಿದೆ.