ಅರ್ಧ ಟನ್ನಿನ ಬೆನ್ನ ಮೇಲೊಂದು ಮನೆ

ಅಮೆರಿಕದ ಹೆದ್ದಾರಿಗಳಲ್ಲಿ ಪಯಣಿಸಿದವರು ಒಂದು ವಿಚಿತ್ರ ವಾಹನವನ್ನು ಕಂಡಿರುತ್ತಾರೆ. ಮುಂಭಾಗ ಸಾಧಾರಣ ಪಿಕಪ್ ಟ್ರಕ್ಕು. ಹಿಂಭಾಗದಲ್ಲಿ, ಸಾಮಾನು ಹೇರಬೇಕಾದ ತೊಟ್ಟಿಯಲ್ಲಿ, ಕಿಟಕಿ ಬಾಗಿಲುಗಳುಳ್ಳ ಪುಟ್ಟ ಮನೆ. ಮನೆಯ ಮುಂದಿನ ತುದಿ ಚಾಲಕನ ತಲೆಯ ಮೇಲಕ್ಕೆ ಚಾಚಿಕೊಂಡಿರುತ್ತದೆ. ಮಲಗುವ ಜಾಗ ಅದೇ. ಇದಕ್ಕೆ ಟ್ರಕ್ ಕ್ಯಾಂಪರ್ ಎಂದು ಹೆಸರು. ಇದು ಟ್ರೇಲರಿನಂತೆ ಹಿಂದೆ ಎಳೆದುಕೊಂಡು ಹೋಗುವಂಥದ್ದಲ್ಲ, ವ್ಯಾನಿನಂತೆ ವಾಹನದ ಒಡಲೂ ಅಲ್ಲ. ಬೇಡವಾದಾಗ ನಾಲ್ಕು ಮೂಲೆಗಳಿಗೆ ಜಾಕ್ ಕೊಟ್ಟು ಎತ್ತಿ, ಅಡಿಯಿಂದ ಟ್ರಕ್ಕನ್ನು ಹೊರತೆಗೆದರೆ ಆಯಿತು. ಮನೆ ಹಿತ್ತಲಲ್ಲಿ ಉಳಿಯುತ್ತದೆ, ಟ್ರಕ್ಕು ಕೆಲಸಕ್ಕೆ ಹೋಗುತ್ತದೆ.

ಇಂಥದ್ದನ್ನು ಕೊಳ್ಳುವವರ ಮೊದಲ ಪ್ರಶ್ನೆ ಒಂದೇ: ನನ್ನದು 'ಅರ್ಧ ಟನ್' ಟ್ರಕ್ಕು, ಇದು ಹೊರುತ್ತದೆಯೇ? ಪ್ರಶ್ನೆ ಚಿಕ್ಕದಾದರೂ ಉತ್ತರಕ್ಕೆ ಸುಮಾರು ನೂರು ವರ್ಷ ಹಿಂದಕ್ಕೆ ಹೋಗಬೇಕಾಗುತ್ತದೆ. ಏಕೆಂದರೆ 'ಅರ್ಧ ಟನ್' ಎಂಬ ಮಾತಿಗೆ ಇಂದು ಅರ್ಧ ಟನ್ ಎಂಬ ಅರ್ಥವೇ ಉಳಿದಿಲ್ಲ.

ಫೋರ್ಡ್ ಕಂಪನಿ ತನ್ನ ಮಾಡೆಲ್ ಟಿ ಕಾರಿಗೆ ಕಾರ್ಖಾನೆಯಲ್ಲೇ ಪಿಕಪ್ ತೊಟ್ಟಿ ಜೋಡಿಸಿ ಮಾರತೊಡಗಿದ್ದು 1925ರಲ್ಲಿ. ಮುಂದೆ ಟ್ರಕ್ಕುಗಳನ್ನು ಅವು ಹೊರುವ ಭಾರದ ಮೇಲೆ ಅರ್ಧ, ಮುಕ್ಕಾಲು, ಒಂದು ಟನ್ ಎಂದು ವಿಂಗಡಿಸುವುದು ರೂಢಿಯಾಯಿತು. ಅಮೆರಿಕದ ಟನ್ 2000 ಪೌಂಡಿನದು. ಅರ್ಧವೆಂದರೆ 1000 ಪೌಂಡು, ನಮ್ಮ ಲೆಕ್ಕದಲ್ಲಿ ಸುಮಾರು 454 ಕಿಲೋ. ಕಾಲಕ್ರಮದಲ್ಲಿ ಎಂಜಿನ್ನು, ಸ್ಪ್ರಿಂಗು, ಬ್ರೇಕುಗಳೆಲ್ಲ ಬಲಿತವು. ಹೆಸರು ಮಾತ್ರ ಹಾಗೆಯೇ ಉಳಿಯಿತು. ನಮ್ಮಲ್ಲಿ ಕಿಲೋ, ಲೀಟರು ಬಂದು ದಶಕಗಳಾದರೂ ಪಾವು, ಸೇರು ಮಾತಿನಲ್ಲಿ ಉಳಿದಿಲ್ಲವೇ? ಹಾಗೆ. ಇಂದಿನ ಅರ್ಧ ಟನ್ ಟ್ರಕ್ಕುಗಳಲ್ಲಿ ಅನೇಕವು 1400ರಿಂದ 2000 ಪೌಂಡಿನವರೆಗೆ ಹೊರಬಲ್ಲವು. ಕೇಳಲು ಇದು ಧಾರಾಳವೆನಿಸುತ್ತದೆ. ಆದರೆ ಮನೆಯ ಭಾರವೂ ಸುಮ್ಮನೆ ಕುಳಿತಿಲ್ಲ.

ವಾಹನದಲ್ಲೇ ವಾಸಿಸುವ ಹುಚ್ಚು ಅಮೆರಿಕನ್ನರಿಗೆ ಹಳೆಯದು. 1919ರಲ್ಲೇ ಫ್ಲಾರಿಡಾದ ಟ್ಯಾಂಪಾದಲ್ಲಿ 'ಟಿನ್ ಕ್ಯಾನ್ ಟೂರಿಸ್ಟ್ಸ್' ಎಂಬ ಶಿಬಿರಪ್ರಿಯರ ಸಂಘ ಹುಟ್ಟಿತ್ತು. ಎಲ್ಲರದೂ ವಿಹಾರವಾಗಿರಲಿಲ್ಲ ಎಂಬುದನ್ನೂ ನೆನೆಯಬೇಕು. 1939ರಲ್ಲಿ ಬಂದ ಜಾನ್ ಸ್ಟೈನ್‌ಬೆಕ್‌ನ 'ದಿ ಗ್ರೇಪ್ಸ್ ಆಫ್ ರಾತ್' ಕಾದಂಬರಿಯಲ್ಲಿ ಜೋಡ್ ಕುಟುಂಬ ಹಳೆಯ ಹಡ್ಸನ್ ಕಾರನ್ನು ಕತ್ತರಿಸಿ ಟ್ರಕ್ಕಾಗಿಸಿ, ಇಡೀ ಸಂಸಾರವನ್ನು ಅದರ ಮೇಲೆ ಹೇರಿಕೊಂಡು ಕ್ಯಾಲಿಫೋರ್ನಿಯಾಕ್ಕೆ ಹೊರಡುತ್ತದೆ. ಬಡವನ ಕ್ಯಾಂಪರ್ ಎಂದರೆ ಅದೇ.

ಅದೇ ಸ್ಟೈನ್‌ಬೆಕ್ 1960ರಲ್ಲಿ, ಸಾಹಿತಿಯಾಗಿ ಹೆಸರು ಮಾಡಿದ ಮೇಲೆ, ತಾನೂ ಟ್ರಕ್ಕಿನ ಮೇಲೊಂದು ಮನೆ ಕಟ್ಟಿಸಿಕೊಂಡು ದೇಶ ಸುತ್ತಿದ. ಜೊತೆಗೆ ಚಾರ್ಲಿ ಎಂಬ ಪೂಡಲ್ ನಾಯಿ. ವಾಹನಕ್ಕೆ ಡಾನ್ ಕ್ವಿಕ್ಸೋಟನ ಕುದುರೆಯ ಹೆಸರು, ರೊಸಿನಾಂಟೆ. 1962ರಲ್ಲಿ ಪ್ರಕಟವಾದ ಆ ಪ್ರವಾಸಕಥನ 'ಟ್ರಾವೆಲ್ಸ್ ವಿತ್ ಚಾರ್ಲಿ'ಯನ್ನು ಓದಿದವರು ಸಾಮಾನ್ಯವಾಗಿ ಅಮೆರಿಕದ ಆತ್ಮದ ಬಗ್ಗೆ ಮಾತಾಡುತ್ತಾರೆ. ನಮ್ಮ ವಿಷಯಕ್ಕೆ ಬೇಕಾದದ್ದು ಬೇರೆ. ಸ್ಟೈನ್‌ಬೆಕ್ ಆರಿಸಿಕೊಂಡದ್ದು ಅರ್ಧ ಟನ್ನಿನ ಟ್ರಕ್ಕನ್ನಲ್ಲ, ಒಂದು ಮೆಟ್ಟಿಲು ಮೇಲಿನ ಮುಕ್ಕಾಲು ಟನ್ನಿನ ಜಿಎಂಸಿಯನ್ನು. ಆಮೇಲೆ ಅದರಲ್ಲಿ ಪುಸ್ತಕಗಳನ್ನೇ ಸುಮಾರು 150 ಪೌಂಡು ತುಂಬಿದ! ಉಪಕರಣ, ತಿನಿಸು, ಪಾನೀಯಗಳು ಬೇರೆ. ಆರೆಗಾನ್ ರಾಜ್ಯದಲ್ಲಿ, ಮಳೆ ಸುರಿಯುವ ಒಂದು ಭಾನುವಾರ, ಹಿಂದಿನ ಟೈರು ಸಿಡಿಯಿತು. ಭಾರ ತಡೆಯುವ ಹೊಸ ಟೈರುಗಳನ್ನು ಹುಡುಕಿಕೊಟ್ಟ ಪೆಟ್ರೋಲ್ ಬಂಕಿನವನನ್ನು ಲೇಖಕ ಬಾಯ್ತುಂಬ ಹರಸಿದ್ದಾನೆ.

ಆ ದಶಕದಲ್ಲಿ ಕ್ಯಾಂಪರುಗಳಿಗೆ ಸುಗ್ಗಿ. ಹೊಸ ಅಂತರರಾಜ್ಯ ಹೆದ್ದಾರಿಗಳು, ಅಗ್ಗದ ಪೆಟ್ರೋಲು. ಷೆವರ್ಲೆ ಕಂಪನಿ 1968ರಿಂದ 1972ರವರೆಗೆ 'ಲಾಂಗ್‌ಹಾರ್ನ್' ಎಂಬ, ಎಂಟೂವರೆ ಅಡಿ ಉದ್ದದ ತೊಟ್ಟಿಯ ಟ್ರಕ್ಕನ್ನು ಮುಖ್ಯವಾಗಿ ಇವರಿಗೆಂದೇ ಮಾರಿತು. ಅದೂ ಮುಕ್ಕಾಲು ಟನ್ನಿನದೇ. 1973ರ ತೈಲ ಬಿಕ್ಕಟ್ಟು ಈ ಸುಗ್ಗಿಗೆ ಕಲ್ಲು ಹಾಕಿತು. ಜನ ಸಣ್ಣ ವಾಹನಗಳತ್ತ ಹೊರಳಿದರು. ಆದರೆ ಮನೆಯ ಆಸೆ ಸಣ್ಣದಾಗಲಿಲ್ಲ. ಟೊಯೋಟಾದ ಪುಟ್ಟ ಟ್ರಕ್ಕಿನ ಚೌಕಟ್ಟಿನ ಮೇಲೆ ಅಮೆರಿಕದ ತಯಾರಕರು ಅಡುಗೆಮನೆ, ಬಚ್ಚಲುಗಳುಳ್ಳ ಮೋಟಾರು ಮನೆಗಳನ್ನೇ ಎಬ್ಬಿಸಿದರು. ಹಿಂದೆ ಜೋಡಿ ಚಕ್ರ ಹಾಕಿದ್ದರಿಂದ ನೋಡಲು ಬಲವಾಗಿ ಕಾಣುತ್ತಿದ್ದವು. ಒಳಗಿನ ಅಚ್ಚು ಮಾತ್ರ ಹಗುರ ಟ್ರಕ್ಕಿನದೇ. ಬೇರಿಂಗುಗಳು, ಅಚ್ಚುಗಳು ಸೋಲತೊಡಗಿದ ಮೇಲೆ, 1980ರ ದಶಕದ ಮಧ್ಯಭಾಗದಿಂದ, ಒಂದು ಟನ್ನಿನ ಭಾರೀ ಅಚ್ಚು ಬಂತು. ಹಳೆಯದನ್ನು ಕೊಳ್ಳುವವರು ಇಂದಿಗೂ ಮೊದಲು ಬಗ್ಗಿ ನೋಡುವುದು ಹಿಂಚಕ್ರದ ಬೋಲ್ಟುಗಳನ್ನು: ಐದಿದ್ದರೆ ಹಗುರ ಅಚ್ಚು, ಆರಿದ್ದರೆ ಭಾರೀ ಅಚ್ಚು.

ಮನೆಯನ್ನೇ ಹಗುರ ಮಾಡುವುದು ಇನ್ನೊಂದು ದಾರಿ. ಅಲಾಸ್ಕಾಕ್ಕೆ 1942ರಲ್ಲಿ ನಿರ್ಮಾಣವಾದ ಹೆದ್ದಾರಿ ಯುದ್ಧಾನಂತರ ಸಾರ್ವಜನಿಕರಿಗೆ ತೆರೆದುಕೊಂಡಿತು. ಅಂಥ ಒರಟು ದಾರಿಗೆ ಎತ್ತರದ ಮನೆ ಹೊಂದದು. 1950ರ ದಶಕದಲ್ಲಿ 'ಅಲಾಸ್ಕನ್' ಕ್ಯಾಂಪರು ಬಂತು. ಬೆಂಕಿಪೊಟ್ಟಣದಂತೆ ಮೇಲಿನ ಅರ್ಧ ಕೆಳಗಿನ ಅರ್ಧದ ಮೇಲೆ ಇಳಿದು ಕೂರುತ್ತಿತ್ತು. ಗಾಳಿಯ ಹೊಡೆತ ತಗ್ಗಿತು, ಆದರೆ ಗೋಡೆಗಳು ಗಟ್ಟಿಯಾದ್ದರಿಂದ ತೂಕ ಅಷ್ಟಾಗಿ ತಗ್ಗಲಿಲ್ಲ. 1972ರಲ್ಲಿ ಆರಂಭವಾದ 'ಫೋರ್ ವೀಲ್ ಕ್ಯಾಂಪರ್ಸ್' ಕಂಪನಿ ಮರದ ಚೌಕಟ್ಟು ಬಿಟ್ಟು ಬೆಸುಗೆ ಹಾಕಿದ ಅಲ್ಯೂಮಿನಿಯಂ ಹಿಡಿಯಿತು. ಎತ್ತಿದ ಛಾವಣಿಯ ಕೆಳಗೆ ಗೋಡೆಯ ಬದಲು ಬಟ್ಟೆ. ಸುಮಾರು 1000 ಪೌಂಡಿನಲ್ಲೇ ಮಲಗಲು, ಬೇಯಿಸಲು, ಕೂರಲು ಜಾಗ ಸಿಕ್ಕಿತು. ಇದಕ್ಕೆ ತೆತ್ತ ಬೆಲೆಯೂ ಉಂಟು. ಬಟ್ಟೆಯ ಗೋಡೆ ಚಳಿಯನ್ನು ತಡೆಯುವುದು ಕಡಿಮೆ, ಬಚ್ಚಲು ಸಾಮಾನ್ಯವಾಗಿ ಇಲ್ಲ.

ಈಗ ಲೆಕ್ಕಕ್ಕೆ ಬರೋಣ. ಚಾಲಕನ ಬಾಗಿಲಿನ ಚೌಕಟ್ಟಿನಲ್ಲಿ ಒಂದು ಚೀಟಿ ಅಂಟಿಸಿರುತ್ತಾರೆ: ಜನ ಮತ್ತು ಸಾಮಾನು ಸೇರಿ ಇಷ್ಟು ಭಾರ ಮೀರಬಾರದು ಎಂದು. ಅದು ಆ ಮಾದರಿಯ ಟ್ರಕ್ಕಿನ ಸಂಖ್ಯೆಯಲ್ಲ, ಆ ಒಂದು ಟ್ರಕ್ಕಿನ ಸಂಖ್ಯೆ. ನಾಲ್ಕು ಬಾಗಿಲು, ನಾಲ್ಕು ಚಕ್ರದ ಚಾಲನೆ, ಗಾಜಿನ ಛಾವಣಿ ಎಂದು ವೈಭೋಗ ಹೆಚ್ಚಿದಂತೆ ಅದು ಇಳಿಯುತ್ತದೆ. ಚೀಟಿಯಲ್ಲಿ 725 ಕಿಲೋ ಎಂದಿದೆ ಎನ್ನಿ. ಗಂಡ ಹೆಂಡತಿ 145 ಕಿಲೋ, ಉಳಿಯಿತು 580. ಕ್ಯಾಂಪರು 455; ಉಳಿಯಿತು 125. ಎಪ್ಪತ್ತೈದು ಲೀಟರ್ ನೀರು, ಅಂದರೆ 75 ಕಿಲೋ, ಉಳಿದದ್ದು 50. ಇನ್ನು ಗ್ಯಾಸ್ ಸಿಲಿಂಡರು, ಬ್ಯಾಟರಿ, ಹಾಸಿಗೆ, ಪಾತ್ರೆ, ಬಟ್ಟೆ, ಅಕ್ಕಿಬೇಳೆ! ಪೆಟ್ರೋಲಿನ ತೂಕವನ್ನು ಕಂಪನಿಯವರೇ ಮೊದಲೇ ಕಳೆದಿರುತ್ತಾರೆ ಎಂಬುದೊಂದೇ ಸಮಾಧಾನ. ಮಾರುವವರು ಜಾಹೀರಾತಿನಲ್ಲಿ ಹೇಳುವುದು ಸಾಮಾನ್ಯವಾಗಿ ಬರಿದಾದ ಕ್ಯಾಂಪರಿನ ತೂಕ. ಕೆಲವೊಮ್ಮೆ ಶೀತಲ ಪೆಟ್ಟಿಗೆ, ಜಾಕುಗಳನ್ನೂ ಸೇರಿಸದ ತೂಕ. ಹಿಂಬದಿಗೆ ಗಾಳಿಚೀಲದ ಸ್ಪ್ರಿಂಗು ಹಾಕಿಸಿದರೆ ಸರಿಹೋಗುತ್ತದೆ ಎಂಬ ಮಾತೂ ಕೇಳಿಬರುತ್ತದೆ. ಜಗ್ಗಿದ ಹಿಂಭಾಗ ಅದರಿಂದ ಎದ್ದು ನಿಲ್ಲುತ್ತದೆ, ಅಷ್ಟೇ. ಅಚ್ಚು, ಬ್ರೇಕು, ಟೈರುಗಳು ಮೊದಲಿನವೇ.

ತೂಕದಷ್ಟೇ ಮುಖ್ಯ, ಅದು ಬೀಳುವ ಜಾಗ. ಗುರುತ್ವ ಕೇಂದ್ರ ಹಿಂದಿನ ಅಚ್ಚಿಗಿಂತ ಮುಂದೆ ಇರಬೇಕು. ಹಿಂದಕ್ಕೆ ಸರಿದರೆ ಮುಂದಿನ ಚಕ್ರಗಳ ಹಿಡಿತ ಸಡಿಲವಾಗುತ್ತದೆ. ಹಿಂದೆ ಒಂದೇ ಸಾಲಿನ ಆಸನ, ಎಂಟಡಿ ತೊಟ್ಟಿ ಸಾಮಾನ್ಯವಾಗಿದ್ದವು. ಈಗ ಕುಟುಂಬದ ಕಾರಿನಂತೆ ನಾಲ್ಕು ಬಾಗಿಲು ಬಂದು ತೊಟ್ಟಿ ಐದೂವರೆ ಅಡಿಗೆ ಕುಗ್ಗಿದೆ. ಅಮೆರಿಕನ್ನರು ಈ ತೊಟ್ಟಿಯನ್ನು ಹಾಸಿಗೆ ಎಂದೇ ಕರೆಯುತ್ತಾರೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ನಮ್ಮ ಗಾದೆ ಅವರಿಗೆ ಅಕ್ಷರಶಃ ಅನ್ವಯಿಸುತ್ತದೆ. 1970ರ ದಶಕದಲ್ಲೇ ಅಲ್ಲಿನ ಕೇಂದ್ರ ಸರ್ಕಾರ ಈ ಬಗ್ಗೆ ನಿಯಮ ಮಾಡಿತು. ಟ್ರಕ್ಕಿನವರು ಗುರುತ್ವ ಕೇಂದ್ರ ಎಲ್ಲಿ ಬೀಳಬೇಕೆಂದು ಕೈಪಿಡಿಯಲ್ಲಿ ತಿಳಿಸಬೇಕು, ಕ್ಯಾಂಪರಿನವರು ತಮ್ಮ ಸರಕಿನ ತೂಕವನ್ನು ಅದರ ಮೇಲೆ ನಮೂದಿಸಬೇಕು.

ಅಮೆರಿಕದಲ್ಲಿ ನೆಲೆಸಿದ ನಮ್ಮವರಲ್ಲಿ ಯಾರಾದರೂ ಇಂಥದ್ದನ್ನು ಕೊಳ್ಳಹೊರಟರೆ ಅರ್ಧ ಟನ್ನಿಗೆ ನನ್ನ ಆಯ್ಕೆ ಮಡಚುವ ಛಾವಣಿಯದು, ಬಚ್ಚಲಿಲ್ಲದ್ದು, ನೀರಿನ ತೊಟ್ಟಿ ಚಿಕ್ಕದು. ಮಂಚ, ಒಲೆಗಳೂ ಬೇಡವೆಂದು ಬರಿಯ ಚಿಪ್ಪನ್ನಷ್ಟೇ ಕೊಳ್ಳುವವರೂ ಇದ್ದಾರೆ. ಅದು ಇನ್ನೂ ಹಗುರ. ಗಟ್ಟಿ ಗೋಡೆ, ಬಿಸಿನೀರ ಸ್ನಾನ ಬೇಕೇಬೇಕೆಂದರೆ ಮುಕ್ಕಾಲು ಟನ್ನಿನ ಟ್ರಕ್ಕನ್ನೇ ಹುಡುಕುವುದು ಲೇಸು. ಯಾವುದೇ ಆಗಲಿ, ಮೊದಲ ಪ್ರವಾಸಕ್ಕೆ ಎಲ್ಲವನ್ನೂ ತುಂಬಿಕೊಂಡು, ಎಲ್ಲರೂ ಕುಳಿತು, ನೇರವಾಗಿ ಹೆದ್ದಾರಿ ಬದಿಯ ವೇ ಬ್ರಿಡ್ಜಿಗೆ ಹೋಗಬೇಕು. ಅಲ್ಲಿ ಮುಂದಿನ ಅಚ್ಚು, ಹಿಂದಿನ ಅಚ್ಚುಗಳ ತೂಕ ಬೇರೆಬೇರೆಯಾಗಿಯೇ ಬರೆದುಕೊಡುತ್ತಾರೆ.