ಗೋಮಾಳದಲ್ಲಿ ಹುಟ್ಟಿದ ಆಟ



ನಾನು ವೃತ್ತಿಯಿಂದ ವೈದ್ಯ, ಇತಿಹಾಸಕಾರನಲ್ಲ. ಆದರೆ ಮೂಲವನ್ನು ಹುಡುಕುವ ವೈದ್ಯನ ಅಭ್ಯಾಸವು ಆಸ್ಪತ್ರೆಯ ಹೊರಗೂ ಬಿಡದು. ಗಾಲ್ಫ್ ಶ್ರೀಮಂತರ ಆಟವೆಂಬುದೇ ನಮ್ಮೆಲ್ಲರ ಭಾವನೆ. ನನ್ನ ಬಾಲ್ಯದ ಬೆಂಗಳೂರಿನಲ್ಲಿ ಅದು ಬೇಲಿಯಾಚೆ ಕಾಣುತ್ತಿದ್ದ ಹಸಿರು, ಅಷ್ಟೆ. ಅದರ ಮೂಲವನ್ನರಸಿ ಕಳೆದ ಬೇಸಗೆಯಲ್ಲಿ ಸ್ಕಾಟ್ಲೆಂಡಿನ ಮಾಂಟ್ರೋಸ್ ಪಟ್ಟಣಕ್ಕೆ ಹೋಗಿದ್ದೆನು.

ಮಾಂಟ್ರೋಸಿಗೂ ನಮ್ಮ ಗೋಥೆನ್‌ಬರ್ಗಿಗೂ ಹಳೆಯ ನಂಟಿದೆ. 1746ರ ಕಲೋಡನ್ ಯುದ್ಧದಲ್ಲಿ ಸೋತ ಪಕ್ಷದವನಾದ ಜಾರ್ಜ್ ಕಾರ್ನೆಗೀ, ಆ ಸೀಮೆಯಿಂದ ಓಡಿಬಂದು ಇಲ್ಲಿ ವ್ಯಾಪಾರಿಯಾದನು. ಅದೇ ಮನೆತನದ ಡೇವಿಡ್ ಕಾರ್ನೆಗೀ 1836ರಲ್ಲಿ ಕ್ಲಿಪ್ಪನ್ನಿನ ಸಕ್ಕರೆ ಮತ್ತು ಪೋರ್ಟರ್ ಬಿಯರಿನ ಕಾರ್ಖಾನೆಗಳನ್ನು ಕೊಂಡನು. ಆದರೆ ಗಾಲ್ಫ್ ಸ್ವೀಡನ್ನಿಗೆ ಬಂದದ್ದು ತಡವಾಗಿ: 1888ರಲ್ಲಿ ಸಾಗರ್ ಸಹೋದರರು ರೀಫೋರ್ಸಿನ ತಮ್ಮ ಎಸ್ಟೇಟಿನಲ್ಲಿ ಮೊದಲ ಮೈದಾನ ಮಾಡಿಸಿದರು; ಗೋಥೆನ್‌ಬರ್ಗಿನ ಕ್ಲಬ್ಬು ಹುಟ್ಟಿದ್ದು 1891ರಲ್ಲಿ. ಬೆಂಗಳೂರು ಗಾಲ್ಫ್ ಕ್ಲಬ್ಬು 1876ರದು. ಈ ವಿಷಯದಲ್ಲಿ ನಮ್ಮೂರೇ ಹದಿನೈದು ವರ್ಷ ಹಿರಿದು!

ಸೇಂಟ್ ಆಂಡ್ರೂಸಿಗೆ ಜಗತ್ತೇ ಯಾತ್ರೆ ಹೋಗುತ್ತದೆ. ಮಾಂಟ್ರೋಸಿಗೆ ಹೋಗುವವರು ವಿರಳ. ಆದರೂ ಇಲ್ಲಿ ಬಾಲ್ಯದಲ್ಲಿ ಗಾಲ್ಫ್ ಕಲಿತುದನ್ನು ಜೇಮ್ಸ್ ಮೆಲ್ವಿಲ್ ಎಂಬ ಪಾದ್ರಿಯು ತನ್ನ ದಿನಚರಿಯಲ್ಲಿ ದಾಖಲಿಸಿದ್ದಾನೆ. ಅದರ ನೆನಪಿಗೆ ಈ ಮೈದಾನಕ್ಕೆ ‘1562’ ಎಂದೇ ಹೆಸರು. 1866ರಲ್ಲಿ ಇಲ್ಲಿ ಇಪ್ಪತ್ತೈದು ಕುಳಿಗಳ ಸ್ಪರ್ಧೆ ನಡೆದು, ಟಿ. ಡೋಲ್ಮನ್ ಗೆದ್ದನು. ಹದಿನೆಂಟು ಎಂಬುದು ಅಂದಿಗೆ ಎಲ್ಲೆಡೆಯ ನಿಯಮವಾಗಿರಲಿಲ್ಲ.

ಆಡಿದಾಗ ಕಂಡ ಸತ್ಯವೊಂದಿದೆ. ಅಲ್ಲಿ ನನ್ನನ್ನು ತಡೆಯುವ ಬೇಲಿಯಿರಲಿಲ್ಲ. ಶುಲ್ಕ ತೆತ್ತು ನಾವು ಆಡುತ್ತಿದ್ದರೆ, ಊರಿನವರು ನಾಯಿಯೊಡನೆ ನಡುವೆಯೇ ನಡೆದು ಹೋಗುತ್ತಿದ್ದರು, ನಾವು ಕಾಯುತ್ತಿದ್ದೆವು. ‘ಲಿಂಕ್ಸ್’ ಎಂದರೆ ಸಮುದ್ರಕ್ಕೂ ಹೊಲಕ್ಕೂ ನಡುವಣ ಮರಳುನೆಲ. ಉಳುಮೆಗೆ ಬಾರದ ಆ ನೆಲ ಕುರಿ ಮೇಯಲು, ಬಟ್ಟೆ ಒಣಗಿಸಲು, ಬಿಲ್ಲು ಅಭ್ಯಾಸಕ್ಕೆ, ಆಟಕ್ಕೆ ಎಲ್ಲರಿಗೂ ಸೇರಿತ್ತು. ನಮ್ಮ ಮಾತಿನಲ್ಲಿ ಅದು ಗೋಮಾಳ! ಬಿಲ್ಲುವಿದ್ಯೆಗೆ ಅಡ್ಡಿಯೆಂದು 1457ರಲ್ಲಿ ಸ್ಕಾಟಿಷ್ ಸಂಸತ್ತು ಗಾಲ್ಫನ್ನು ನಿಷೇಧಿಸಿತೆಂದರೆ, ಅದು ಆಗಲೇ ಜನಸಾಮಾನ್ಯರ ಗೀಳಾಗಿತ್ತೆಂದಾಯಿತು. ಬೇಲಿಯೂ ಕ್ಲಬ್ಬೂ ಅನಂತರ ಬಂದವು. ಹಡಗು ಹತ್ತಿ ಪರದೇಶಗಳನ್ನು ಸೇರಿದುದು ಆ ಬೇಲಿಯೊಡನೆ ಬಂದ ಆಟ.

ಇಂದು ಮಾಂಟ್ರೋಸಿನ ಗೋಮಾಳವನ್ನು ಸಮುದ್ರವೇ ಒತ್ತುವರಿ ಮಾಡುತ್ತಿದೆ. ಕೆಲವು ದಶಕಗಳಲ್ಲಿ ದಡವು ಹತ್ತಾರು ಮೀಟರು ಹಿಂದೆ ಸರಿದು, ಆಟದ ಕೆಲವು ಜಾಗಗಳನ್ನು ಒಳನಾಡಿನ ಕಡೆಗೆ ಬದಲಿಸಬೇಕಾಯಿತು. ಮರಳದಿಬ್ಬದ ಮೇಲೆ ನಿಂತು, ಕೆಳಗೆ ಕುಸಿದ ಹುಲ್ಲನ್ನು ಕಂಡಾಗ ಎದುರಿಗಿದ್ದುದು ಉತ್ತರ ಸಮುದ್ರ. ಮನಸ್ಸಿನಲ್ಲಿದ್ದುದು ನಮ್ಮ ಹಳ್ಳಿಗಳ ಗೋಮಾಳ. ಅಲ್ಲಿ ಒತ್ತುವರಿ ಮಾಡುವುದು ಸಮುದ್ರವಲ್ಲ, ಮನುಷ್ಯ. ಯಾರೊಬ್ಬನದೂ ಅಲ್ಲದ ನೆಲದಲ್ಲಿಯೇ ಎಲ್ಲರ ಆಟವೊಂದು ಹುಟ್ಟಬಲ್ಲುದು. ಬಂಧುಗಳೇ, ಮುಂದಿನ ಬಾರಿ ಊರಿಗೆ ಹೋದಾಗ, ನೀವು ಚಿಕ್ಕಂದಿನಲ್ಲಿ ಆಡಿದ ಬಯಲು ಇನ್ನೂ ಬಯಲಾಗಿಯೇ ಉಳಿದಿದೆಯೇ ಎಂದು ಒಮ್ಮೆ ನೋಡಿ ಬನ್ನಿ.